ಮುಂಗಡ ಸ್ತೋತ್ರ

ಹರಿಹರ
5-1-1982

ಪ್ರೀತಿಯ ಅವ್ವನಿಗೆ,

ಮಗಳು ಕೃಪಾವತಿಯ ವಂದನೆಗಳು. ನಾನು ಚೆನ್ನಾಗಿದ್ದೇನೆ. ಶಾಲೆ ಮತ್ತೆ ಶುರುವಾಯಿತು. ನನ್ನ ಮೂರನೇ ಕ್ಲಾಸಿನ ಮಕ್ಕಳು ರಜೆಯಲ್ಲಿ ಮಗ್ಗಿಯನ್ನೆಲ್ಲ ಮರೆತು ಬಂದಿವೆ. ಬೀಬಿಜಾನ್ ಖಾಲಾ ನನ್ನ ಬಾಡಿಗೆ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. "ನಿಮ್ಮ ಕ್ರಿಸ್ಮಸ್ಸಿಗೆ ಹೊಡಸ್ಬೇಕು ಅಂತಿದ್ದೆ ಬೇಟಿ, ಆ ಸುಣ್ಣದೋನು ಹಬ್ಬ ಮುಗದ ಮ್ಯಾಲೆ ಬಂದ" ಎಂದು ಅವನಿಗೆ ಇನ್ನೂ ಬೈಯುತ್ತಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಉಚ್ಚೆಂಗಪ್ಪ ಹಿರಿಯರು, ಈ ಸಲ ದೀಕ್ಷಾಸ್ನಾನಕ್ಕೆ ಹೊಳೆಗೆ ಇಳಿಯುವವರು ಯಾರು ಎಂದು ಕೇಳಿದರು. ಬೇರೆಯವರು ಎದ್ದು ನಿಂತರು. ಅವರ ಹಿಂದೆ ನಾನೂ ಎದ್ದೆ ಅವ್ವ. ಫೆಬ್ರವರಿ ಏಳನೇ ತಾರೀಖು, ಭಾನುವಾರ ಎಂದು ಗೊತ್ತಾಗಿದೆ.

ನನ್ನ ಜೊತೆ ಭಾನುವಾರದ ಶಾಲೆಯಲ್ಲಿ ಕಲಿತವರೆಲ್ಲ ಯಾವಾಗಲೋ ದೀಕ್ಷಾಸ್ನಾನ ಮಾಡಿಸಿಕೊಂಡರು. ನಾನೊಬ್ಬಳು ಉಳಿದೆ. ಪ್ರಭುವಿನ ಭೋಜನದ ರೊಟ್ಟಿಯ ತಟ್ಟೆ ಬಂದಾಗ, ದೀಕ್ಷಾಸ್ನಾನ ಆಗದವಳೆಂದು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತೇನೆ. ಕಳೆದ ತಿಂಗಳು ನನ್ನ ಪಕ್ಕ ಕೂತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿಯ ಅಕ್ಕ, ಇನ್ನೂ ಲಂಗ ದಾವಣಿಯ ಹುಡುಗಿ. ಅವಳೂ ತೆಗೆದುಕೊಂಡಳು. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಯೇಸುಸ್ವಾಮಿ ನನ್ನವನು ಎಂದು ಮಕ್ಕಳಿಗೆ ಹಾಡು ಕಲಿಸುವವಳು ನಾನು, ಅವನ ಮೇಜಿಗೆ ಮಾತ್ರ ಪರದೇಶಿ.

ನಮ್ಮ ಸಭೆಯ ಪದ್ಧತಿಯನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಮುಳುಗಿ ಎದ್ದವರಿಗೆ ಮನೆಯವರೇ ನೀರಿನಲ್ಲಿ ನಿಂತು ದುಪ್ಪಟಿ ಹೊದಿಸಬೇಕು. ನನ್ನ ಮನೆಯವರೆಂದರೆ ನೀನೊಬ್ಬಳೇ. ಬೆಳಗಿನ ಬಸ್ಸಿಗೆ ಬಂದುಬಿಡು. ನಾನೇ ಬಸ್ ನಿಲ್ದಾಣಕ್ಕೆ ಬರುತ್ತೇನೆ.

ನನಗೇನೂ ಭಯವಿಲ್ಲ. ನೀನು ಚಿಂತೆ ಮಾಡಬೇಡ.

ನಿನ್ನ ಮಗಳು,
ಕೃಪಾ


ವಿನೋಬನಗರ, ದಾವಣಗೆರೆ
12-1-1982

ಚಿರಂಜೀವಿ ಕೃಪಾಳಿಗೆ ತಾಯಿ ಸುವಾರ್ತಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದಾಗ ನಾನು ಮಿಲ್ಲಿನಿಂದ ಆಗಷ್ಟೇ ಬಂದಿದ್ದೆ. ತಲೆಯ ಮೇಲಿನ ಹತ್ತಿ ಕೊಡವಿಕೊಳ್ಳದೆ ಓದಿದೆ. ಇನ್ನೊಂದು ಸಲ ಓದಿದೆ. ನಮ್ಮ ರೀಲಿಂಗ್ ಖಾತೆಯಲ್ಲಿ ಮರುದಿನ ಹೇಳದೆ ಬಿಟ್ಟವರಿಲ್ಲ. "ನನ್ನ ಮಗಳು ಎದ್ದು ನಿಂತಳಂತೆ, ಯಾರೂ ಹೇಳದೆ ತಾನೇ ಎದ್ದು ನಿಂತಳಂತೆ" ಎಂದು ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ. ಭಯವಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಎದೆ ತುಂಬಿತು. ನಿನಗೆ ನಿಮ್ಮಪ್ಪನ ಎದೆಗಾರಿಕೆ ಬಂದಿದೆ. ನನ್ನದು ಬರಲಿಲ್ಲ, ಪುಣ್ಯ.

ನಾನು ಬರುವ ವಿಷಯ. ಮಿಲ್ಲಿನಲ್ಲಿ ಈಗ ಕೆಲಸ ಜಾಸ್ತಿ, ಭಾನುವಾರವೂ ಕರೆಯುತ್ತಾರೋ ಏನೋ. ಮೊಣಕಾಲು ಬೇರೆ ಹಿಡಿದುಕೊಂಡಿದೆ. ಈ ಚಳಿಯಲ್ಲಿ ಬೆಳಗಿನ ಬಸ್ಸು ನನ್ನಂಥವಳಿಗೆ ಆಗದು. ಆ ಬಸ್ಸುಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಕೋಳಿ ಕುರಿ ಎಲ್ಲ ತುಂಬಿರುತ್ತಾರೆ. ಉಚ್ಚೆಂಗಪ್ಪನವರ ಹೆಂಡತಿ ಬಹಳ ಒಳ್ಳೆಯವರು. ದುಪ್ಪಟಿಯನ್ನು ಅವರೇ ಹೊದಿಸಲಿ. ದೇವರ ಮನೆಯವರೂ ಮನೆಯವರೇ ಅಲ್ಲವೇ.

ಚೆನ್ನಾಗಿ ಊಟ ಮಾಡು. ಕಡ್ಲೆಬೀಜದ ಚಟ್ನಿಪುಡಿ ಮಾಡಿಟ್ಟಿದ್ದೇನೆ.

ಸುವಾರ್ತಮ್ಮ


ಹರಿಹರ
20-1-1982

ಅವ್ವನಿಗೆ ವಂದನೆಗಳು.

ಹದಿನಾಲ್ಕು ಕಿಲೋಮೀಟರಿಗೆ ಕೋಳಿ ಕುರಿಯ ನೆಪ ಹೇಳಿದೆ. ಆಗಲಿ. ಈ ಊರಿಗೆ ಕೆಲಸಕ್ಕೆ ಬರುತ್ತೇನೆಂದಾಗ ನೀನು ನನ್ನೊಂದಿಗೆ ಮಾತು ಬಿಟ್ಟಿದ್ದೆ. ನಾನು ಇಲ್ಲಿಗೆ ಬಂದು ಎರಡು ವರ್ಷವಾಯಿತು, ಒಂದು ಸಲವೂ ನನ್ನ ಕೋಣೆ ನೋಡಲು ಬರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲವೆಂದು ಗೊತ್ತಿರಲಿಲ್ಲ. ಅಥವಾ ಇಷ್ಟು ವಯಸ್ಸಾದ ಮೇಲೆ ಮಗಳು ದೀಕ್ಷಾಸ್ನಾನಕ್ಕೆ ಹೊರಟಿದ್ದಾಳೆಂದು ನಾಲ್ಕು ಜನರ ಮುಂದೆ ನಿಲ್ಲಲು ನಾಚಿಕೆಯೋ.

ಹಿರಿಯರ ಹೆಂಡತಿಯನ್ನು ಕೇಳಿದೆ. ಆಗಲಿ ಎಂದಿದ್ದಾರೆ. "ತಾಯಿ ಬರಾಂಗಿಲ್ಲೇನು?" ಎಂದು ಕೇಳಿದರು. ಮೊಣಕಾಲು ನೋವು ಎಂದು ಹೇಳಿದ್ದೇನೆ.

ಕೃಪಾವತಿ


ದಾವಣಗೆರೆ
28-1-1982

ಕೃಪಾಳಿಗೆ ಆಶೀರ್ವಾದ.

ಸಿಟ್ಟು ಇಲ್ಲ. ನಾಚಿಕೆ ಅಂತೂ ಮೊದಲೇ ಇಲ್ಲ. ಅಂಥ ಮಾತು ಇನ್ನೊಮ್ಮೆ ಬರೆದರೆ ಕಾಗದವನ್ನು ಒಲೆಗೆ ಹಾಕುತ್ತೇನೆ.

ಹಿಂದಿನ ಬೀದಿಯ ಕೆಂಚವೀರಪ್ಪ ದಿನಾ ರೈಲಿನಲ್ಲಿ ನಿಮ್ಮೂರಿನ ಫ್ಯಾಕ್ಟರಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದೇನೆ. ಅದರಲ್ಲಿ ಚಟ್ನಿಪುಡಿಯೂ ಒಂದು ದುಪ್ಪಟಿಯೂ ಇದೆ. ದುಪ್ಪಟಿ ಹಳೆಯದು, ಆದರೆ ಗಟ್ಟಿ. ಅದು ಯಾರದ್ದು ಎಂದು ನಿನಗೆ ಗೊತ್ತಿಲ್ಲ. ಆಮೇಲೆ ಯಾವಾಗಲಾದರೂ ಹೇಳುತ್ತೇನೆ. ಅದನ್ನೇ ಹೊದಿಸಲು ಹೇಳು, ಬೇರೆ ಬೇಡ.

ಆ ದಿನ ನಾನು ಇಲ್ಲಿ ಪ್ರಾರ್ಥನೆ ಮಾಡುತ್ತಿರುತ್ತೇನೆ.

ಸುವಾರ್ತಮ್ಮ


ಹರಿಹರ
9-2-1982
(ಪೋಸ್ಟ್ ಕಾರ್ಡು)

ಅವ್ವನಿಗೆ ವಂದನೆಗಳು. ಭಾನುವಾರ ಎಲ್ಲರೂ ಹೊಳೆಗೆ ಹೋಗಿದ್ದೆವು. ಬಿಸಿಲು ಚೆನ್ನಾಗಿತ್ತು, ಬಹಳ ಜನ ಬಂದಿದ್ದರು. ಹಾಡುಗಳು ಚೆನ್ನಾಗಿ ಆದವು. ಕರ್ತನ ದಯೆಯಿಂದ ಆರಾಧನೆ ಸುಸೂತ್ರವಾಗಿ ಮುಗಿಯಿತು. ನಿನ್ನ ದುಪ್ಪಟಿಯನ್ನು ಮಡಚಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಚಟ್ನಿಪುಡಿ ಬೀಬಿಜಾನ್ ಖಾಲಾಗೂ ಇಷ್ಟವಾಯಿತು. ಪರೀಕ್ಷೆಯ ಕೆಲಸ ಇದೆ, ನಿಧಾನವಾಗಿ ಬರೆಯುತ್ತೇನೆ. ಕೃಪಾ


ದಾವಣಗೆರೆ
16-2-1982

ನನ್ನ ಬಂಗಾರದಂಥ ಮಗಳಿಗೆ,

ಸುಸೂತ್ರವಾಗಿ ಮುಗಿಯಿತು ಎಂಬ ಒಂದು ಮಾತಿಗೆ ನಾನು ಎಷ್ಟು ದಿನದಿಂದ ಕಾಯುತ್ತಿದ್ದೆ ಎಂದು ನಿನಗೇನು ಗೊತ್ತು! ಆ ಭಾನುವಾರ ಬೆಳಗಿನಿಂದ ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತಾ ಕೂತಿದ್ದೆ. ಇಲ್ಲಿಯ ಸಭೆಗೂ ಹೋಗಲಿಲ್ಲ. ನಿನ್ನ ಕಾರ್ಡು ಬರುವವರೆಗೆ ದಿನಾ ಪೋಸ್ಟ್‌ಮ್ಯಾನ್‌ನ ದಾರಿ ನೋಡಿದೆ. ಕಾರ್ಡು ಬಂದಿತು, ಕೂತು ಅತ್ತೆ, ಆಮೇಲೆ ಎದ್ದು ಮುಖ ತೊಳೆದು ಒಳ್ಳೆಯ ಸೀರೆ ಉಟ್ಟೆ.

ಮೊನ್ನೆ ಭಾನುವಾರ ಸಭೆಯಲ್ಲಿ ಸ್ತೋತ್ರ ಕಾಣಿಕೆ ಕೊಟ್ಟೆ. ನಮ್ಮ ಮುರುಗೇಶಪ್ಪ ಅಯ್ಯನವರು ಯಾವಾಗಲೂ ಕಾಣಿಕೆ ಕೊಟ್ಟವರ ಹೆಸರು ಕಾರಣ ಓದಿ ಮುಂದಕ್ಕೆ ಹೋಗುತ್ತಾರೆ. ನನ್ನದನ್ನು ಓದಿ ನಿಂತುಬಿಟ್ಟರು. "ನಮ್ಮ ಸಮಾಧಾನಪ್ಪನ ಮಗಳು ದೀಕ್ಷಾಸ್ನಾನ ತಗೊಂಡಾಳೆ, ಎಲ್ಲಾರೂ ಎದ್ದು ನಿಲ್ರಿ" ಎಂದರು. ಇಡೀ ಸಭೆ ಎದ್ದು ನಿಂತು ನಿನಗಾಗಿ ದೇವರಿಗೆ ಸ್ತೋತ್ರ ಹೇಳಿತು ಕೃಪಾ. ನಿಮ್ಮಪ್ಪ ಹೋದ ಮೇಲೆ ಅವರ ಹೆಸರನ್ನು ಅಷ್ಟು ಜನರ ನಡುವೆ ಹೆಮ್ಮೆಯಿಂದ ಹೇಳಿದ್ದು ಅದೇ ಮೊದಲು. ನಾನು ಆ ದಿನ ರಾಣಿಯ ಹಾಗೆ ಮನೆಗೆ ಬಂದೆ. ಬೀದಿಗೆಲ್ಲ ಖಾರ ಮಂಡಕ್ಕಿ ಹಂಚಿದೆ. ಮಿಲ್ಲಿಗೂ ಒಂದು ಚೀಲ ಒಯ್ದೆ.

ದುಪ್ಪಟಿ ಬೆಚ್ಚಗಿತ್ತೇ? ಎಲ್ಲವನ್ನೂ ಬಿಡಿಸಿ ಬರೆ. ಅಲ್ಲಲ್ಲ, ಎಲ್ಲವನ್ನೂ ಬೇಡ. ಮೇಲೆ ಬಂದ ನಂತರದ್ದನ್ನು ಬರೆ.

ನಿನ್ನ ಅವ್ವ


ಹರಿಹರ
22-2-1982

ಅವ್ವ,

ಈ ಕಾಗದವನ್ನು ಒಬ್ಬಳೇ ಕೂತು ಓದು.

ನಾನು ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ. ಕಾರ್ಡಿನಲ್ಲಿ ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಹೊಳೆಗೆ ಹೋಗಿದ್ದೆವು, ಆರಾಧನೆ ಮುಗಿಯಿತು, ದುಪ್ಪಟಿಯನ್ನು ಮಡಚಿಟ್ಟೆ. ಒದ್ದೆಯೇ ಆಗದ್ದನ್ನು ಮಡಚಿಟ್ಟೆ. ಕಾರ್ಡನ್ನು ಪೋಸ್ಟ್‌ಮ್ಯಾನ್ ಓದುತ್ತಾನೆ, ನಿನ್ನ ಬೀದಿಯವರು ಓದುತ್ತಾರೆ ಎಂದು ಹಾಗೆ ಸುತ್ತಿಬಳಸಿ ಬರೆದೆ. ನೀನು ಅದನ್ನು ಸಭೆಯ ಮುಂದೆ ಇಡುತ್ತೀ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಉಳಿದವರು ಒಬ್ಬೊಬ್ಬರಾಗಿ ಇಳಿದು ನಗುತ್ತಾ ಮೇಲೆ ಬಂದರು. ನನ್ನ ಹೆಸರು ಕರೆದಾಗ ಮೆಟ್ಟಿಲು ಇಳಿದೆ. ಪಾದ ಮುಳುಗುವವರೆಗೆ ಪರವಾಗಿರಲಿಲ್ಲ. ಸೊಂಟಕ್ಕೆ ನೀರು ತಗುಲಿದಾಗ ಕಾಲಿನ ಕೆಳಗೆ ಮರಳು ಸರಿಯಿತು. ಉಚ್ಚೆಂಗಪ್ಪ ಹಿರಿಯರು ಕೈ ಚಾಚಿದ್ದರು. ನಾನು ಆ ಕೈ ಬಿಟ್ಟು ತಿರುಗಿ ಓಡಿದೆ ಅವ್ವ. ಇಡೀ ಸಭೆ ಹಾಡುತ್ತಿದ್ದಂತೆ, ಬಟ್ಟೆ ಒಗೆಯುವ ಹೆಂಗಸರ ಮಧ್ಯದಿಂದ, ಒದ್ದೆ ಸೀರೆಯಲ್ಲಿ ಬೀದಿಯುದ್ದಕ್ಕೂ ಓಡಿದೆ. ನನ್ನ ಶಾಲೆಯ ಮಕ್ಕಳೂ ನೋಡಿದರು.

ಬೀಬಿಜಾನ್ ಖಾಲಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಏನಾಯಿತೆಂದು ಕೇಳಿ ತಿಳಿದುಕೊಂಡು, "ಹೊಳೆ ಏನು ನಿನ್ನ ಸವತಿ ಏನು ಬೇಟಿ, ನೋಡಿದ ಕೂಡ್ಲೆ ಓಡಾಕ?" ಎಂದರು. ನಾನು ನಗಲಿಲ್ಲ. ಅವರೇ ನನ್ನ ತಲೆ ಒರೆಸಿ ಚಹಾ ಕೊಟ್ಟರು.

ಭಯವಿಲ್ಲ ಎಂದು ಜನವರಿಯಲ್ಲಿ ಬರೆದದ್ದು ನಿಜವಾದ ಸುಳ್ಳು. ತಲೆಯ ಮೇಲೆ ನೀರು ಹಾಕಿಕೊಳ್ಳುವಾಗ ನಾನು ಈಗಲೂ ಕಣ್ಣು ಮುಚ್ಚುವುದಿಲ್ಲ. ಸೋಪು ಉರಿದರೂ ಬಿಟ್ಟುಕೊಂಡೇ ಇರುತ್ತೇನೆ. ಈ ಊರಿಗೆ ಕೆಲಸಕ್ಕೆ ಬಂದದ್ದೇ ಇದಕ್ಕಾಗಿ. ಅಪ್ಪನನ್ನು ತೆಗೆದುಕೊಂಡ ಹೊಳೆಯನ್ನು ದಿನಾ ನೋಡುತ್ತಿದ್ದರೆ ಹೆದರಿಕೆ ಸವೆಯುತ್ತದೆ ಎಂದುಕೊಂಡಿದ್ದೆ. ಬೀದಿಯ ಕೊನೆಗೆ ಹೋದರೆ ಹೊಳೆ. ಎರಡು ವರ್ಷ ಬೀದಿಯ ಕೊನೆಗೇ ಹೋಗಲಿಲ್ಲ.

ನನಗೆ ಅಪ್ಪನ ಎದೆಗಾರಿಕೆ ಇಲ್ಲ ಅವ್ವ. ಮುರುಗೇಶಪ್ಪ ಅಯ್ಯನವರಿಗೆ ಹೇಳಿ ಆ ಸ್ತೋತ್ರವನ್ನು ವಾಪಸು ತೆಗೆದುಕೋ. ಅಪ್ಪನ ಹೆಸರಿಗೆ ನನ್ನಿಂದ ಕಳಂಕ ಬಂತು.

ಒಂದು ಮಾತು ಕೇಳುತ್ತೇನೆ, ಈ ಸಲ ಮೊಣಕಾಲು ಎನ್ನಬೇಡ. ನೀನು ಯಾಕೆ ಬರಲಿಲ್ಲ?

ಕೃಪಾ


ದಾವಣಗೆರೆ
14-3-1982

ಮಗಳೇ,

ಮೂರು ವಾರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಗುಡಿಸಿದ ಮನೆಯನ್ನೇ ಗುಡಿಸಿದೆ. ನಿನ್ನ ಹಳೆಯ ಕಾಗದಗಳನ್ನು ಓದಿದೆ. ನನ್ನ ಕಾಗದಗಳು ನಿನ್ನ ಹತ್ತಿರ ಇದ್ದರೆ ತೆಗೆದು ನೋಡು. ಅವುಗಳಲ್ಲಿ ಎಲ್ಲಿಯೂ ನಾನು ಹೊಳೆ ಎಂಬ ಮಾತು ಬರೆದಿಲ್ಲ. ಈಗ ಬರೆಯುತ್ತಿದ್ದೇನೆ, ಶಾಯಿ ಚೆಲ್ಲಿದ್ದನ್ನು ನೀನೇ ನೋಡುತ್ತಿದ್ದೀಯ.

ನಾನು ಬರದೇ ಇದ್ದದ್ದು ಹೊಳೆಗೆ ಹೆದರಿ. ಅದೊಂದೇ ಕಾರಣ. ನಿನ್ನ ಮೊದಲ ಕಾಗದ ಓದಿದ ಮರು ಭಾನುವಾರ ನಾನು ಬಸ್ ಹತ್ತಿದೆ. ನಿನಗೆ ಹೇಳದೆ ಬಂದು, ದಂಡೆಯಲ್ಲಿ ನಿಲ್ಲಲು ಆಗುತ್ತದೋ ಇಲ್ಲವೋ ನೋಡಿಕೊಂಡು ಹೋಗೋಣ ಎಂದು. ಹರಿಹರದ ನಿಲ್ದಾಣದಲ್ಲಿ ಇಳಿದೆ. ಗಾಳಿ ಬೀಸಿತು. ಒದ್ದೆ ಮರಳಿನ ವಾಸನೆ ಬಂತು ಅಷ್ಟೇ. ತಿರುಗಿ ಅದೇ ಬಸ್ಸಿಗೆ ಹತ್ತಿದೆ. ಕಂಡಕ್ಟರು, "ಅವ್ವಾರೇ, ಈಗಷ್ಟೇ ಇಳದ್ರಲ್ಲ, ಏನ್ ಮರ್ತು ಬಂದ್ರಿ?" ಎಂದು ಕೇಳಿದ. ಮನೆಗೆ ಬಂದು ನಿನಗೆ ಕೋಳಿ ಕುರಿಯ ಕಥೆ ಬರೆದೆ.

ನಿನಗೆ ಭಯ ಎಲ್ಲಿಂದ ಬಂತೆಂದು ಕೇಳುತ್ತೀಯಾ? ನಾನೇ ಉಣಿಸಿದ್ದು. ಬಾವಿಯ ಹತ್ತಿರ ಹೋಗಬ್ಯಾಡ, ಕೆರೆಯ ಹತ್ತಿರ ಹೋಗಬ್ಯಾಡ, ಬಕೆಟ್ಟಿನಲ್ಲಿ ಬಗ್ಗಬ್ಯಾಡ ಎಂದು ಅನ್ನದ ಜೊತೆ ದಿನಾ ಉಣಿಸಿದೆ. ಮಗುವನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಪ್ರಾರ್ಥನೆಯಲ್ಲಿ ಕರ್ತನ ಕೈಗೆ ಕೊಟ್ಟಿದ್ದೇನೆ ಎನ್ನುತ್ತಿದ್ದೆ, ಎದ್ದ ಕೂಡಲೇ ಅವನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ.

ಇನ್ನು ನಿಮ್ಮಪ್ಪನ ವಿಷಯ. ಹದಿನೈದು ವರ್ಷದ ಹಿಂದಿನ ಆ ಪ್ರವಾಹದ ದಿನ ಆಚೆ ದಡದ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಸಿಕ್ಕಿಕೊಂಡಿದ್ದರು. ಕೆಲವರನ್ನು ಹರಿಗೋಲಿನಲ್ಲಿ ಕರೆತಂದು, ಉಳಿದವರಿಗಾಗಿ ಮತ್ತೆ ಹೋದರು ಎಂಬುದಷ್ಟೇ ನಿನಗೆ ಗೊತ್ತು. ನಿಮ್ಮಪ್ಪನಿಗೂ ಭಯವಾಗಿತ್ತು ಕೃಪಾ. ಮತ್ತೆ ಹೊರಡುವಾಗ ಅವರ ತುಟಿ ಬೆಳ್ಳಗಾಗಿತ್ತು. "ಹೋಗಬ್ಯಾಡ್ರಿ" ಎಂದೆ. "ನಂಗೂ ಹೆದ್ರಿಕೆ ಐತೆ ಸುವಾರ್ತ, ಆದ್ರೆ ಅವ್ರು ಅಲ್ಲಿ ನಿಂತಾರಲ್ಲ" ಎಂದರು. ಇಷ್ಟು ವರ್ಷ ಈ ಮಾತನ್ನು ನಿನಗೆ ಹೇಳಲಿಲ್ಲ. ಅವರು ಯಾವುದಕ್ಕೂ ಅಂಜದವರು ಎಂದು ಹೇಳಿ ಹೇಳಿ, ನಿನಗೆ ಎಟುಕದ ಎತ್ತರದಲ್ಲಿ ಅವರನ್ನು ಕೂರಿಸಿದೆ.

ಆ ದುಪ್ಪಟಿ ಅವರದ್ದು. ಅದೇ ಹೊಳೆಯಲ್ಲಿ ನನಗೆ ದೀಕ್ಷಾಸ್ನಾನವಾದಾಗ ಅವರು ನೀರಲ್ಲಿ ನಿಂತು ನನಗೆ ಹೊದಿಸಿದ್ದು. ನಾವು ಮದುವೆಯಾಗಿ ಆಗ ಆರು ತಿಂಗಳು. ನಡುಗುತ್ತಿದ್ದವಳನ್ನು ಬಿಗಿಯಾಗಿ ಸುತ್ತಿ ಎಲ್ಲರ ಮುಂದೆ ನಕ್ಕರು.

ಇನ್ನು ಸ್ತೋತ್ರ. ನಿನ್ನ ಕಾಗದ ಹಿಡಿದು ಮುರುಗೇಶಪ್ಪ ಅಯ್ಯನವರ ಮನೆಗೆ ಹೋದೆ. "ತಪ್ಪಾಗೈತ್ರಿ ಅಯ್ಯಾ, ಮುಂದಿನ ಭಾನುವಾರ ಅದು ಆಗಿಲ್ಲ ಅಂತ ಹೇಳಿಬಿಡ್ರಿ" ಎಂದೆ. ಅವರು ಗಡ್ಡ ಕೆರೆದುಕೊಂಡರು. "ದೇವ್ರಿಗೆ ಕೊಟ್ಟ ಸ್ತೋತ್ರ ವಾಪಸ್ ತರಾದು ಹೆಂಗೆ ಸುವಾರ್ತಮ್ಮ? ನಂಗಂತೂ ಆ ದಾರಿ ಗೊತ್ತಿಲ್ಲ. ಮುಂಗಡ ಸ್ತೋತ್ರ ಅಂತ ಇಟ್ಕಳ್ರಿ. ಕೆಲ್ಸ ಆಮ್ಯಾಲೆ ಆಗ್ಲಿ" ಎಂದರು. ನಗೆ ಬಂತು, ಅಳುವೂ ಬಂತು. ದಾರಿಯಲ್ಲಿ ಬರುತ್ತಾ ಯೋಚಿಸಿದೆ. ಕರ್ತನು ಸ್ತೋತ್ರ ತೆಗೆದುಕೊಂಡು ಸುಮ್ಮನೆ ಕೂರುವವನಲ್ಲ. ನಾವೇ ಯಾಕೆ ಕೂರಬೇಕು?

ಏಪ್ರಿಲ್ ಹನ್ನೊಂದಕ್ಕೆ ಈಸ್ಟರ್. ಆ ದಿನ ಮತ್ತೆ ಹೊಳೆಗೆ ಹೋಗುತ್ತಾರೆಂದು ಅಯ್ಯನವರು ಹೇಳಿದರು. ನೀನು ಹೆಸರು ಕೊಡು. ನಾನು ಬರುತ್ತೇನೆ. ನೀರಿಗೆ ಇಳಿಯುತ್ತೇನೆಂದು ಮಾತು ಕೊಡುವುದಿಲ್ಲ, ಆದರೆ ಬರುತ್ತೇನೆ.

ಅಪ್ಪನ ಹೆಸರಿಗೆ ಕಳಂಕವಂತೆ! ಸೊಂಟದವರೆಗೆ ಇಳಿದವಳು ನೀನು. ನಾನು ನಿಲ್ದಾಣ ದಾಟಲಿಲ್ಲ.

ನಿನ್ನ ಅವ್ವ


ಹರಿಹರ
25-3-1982

ನನ್ನ ಅವ್ವನಿಗೆ,

ನಿನ್ನ ಕಾಗದವನ್ನು ಬೀಬಿಜಾನ್ ಖಾಲಾಗೆ ಓದಿ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇಬ್ರೂ ಒಂದೇ ಥಾನಿನ ಬಟ್ಟೆ ಅದೀರಿ" ಎಂದರು. ಮರುದಿನ ಬೆಳಿಗ್ಗೆ ಬಟ್ಟೆಯ ಬುಟ್ಟಿ ನನ್ನ ಸೊಂಟಕ್ಕೆ ಇಟ್ಟು, "ನಡಿ, ನನ್ನ ಸೊಂಟ ಹಿಡದೈತೆ, ಇವತ್ತಿನಿಂದ ಹೊಳಿಗೆ ಹೋಗಿ ಒಗಿಯಾದು ನಿನ್ನ ಕೆಲ್ಸ" ಎಂದರು. ಅವರ ಸೊಂಟಕ್ಕೆ ಏನೂ ಆಗಿಲ್ಲ. ನನ್ನ ಹಿಂದೆಯೇ ಬಂದು ಮೆಟ್ಟಿಲ ಮೇಲೆ ಕೂತು, ಸರಿಯಾಗಿ ಕುಕ್ಕಿ ಒಗಿ ಎಂದು ಗದರುತ್ತಿದ್ದರು.

ಮೊದಲ ದಿನ ಮೇಲಿನ ಮೆಟ್ಟಿಲಿನಲ್ಲೇ ಒಗೆದೆ. ಈಗ ಮೊಣಕಾಲಿನ ನೀರಲ್ಲಿ ನಿಂತು ಜಾಲಿಸುತ್ತೇನೆ. ಎದೆ ಹೊಡೆದುಕೊಳ್ಳುತ್ತದೆ, ಆದರೂ ಜಾಲಿಸುತ್ತೇನೆ. ಖಾಲಾನ ಹಾಸಿಗೆಯ ಚಾದರ ಒಂದು ಹರಿದುಕೊಂಡು ಹೋಯಿತು. "ಹೋಗ್ಲಿ ಬಿಡು, ಹೊಳಿಗೂ ಹೊದ್ಕಣಾಕ ಒಂದು ಬೇಕಲ್ಲ" ಎಂದರು.

ಇಷ್ಟು ದಿನ ನಾನು, ಸ್ವಾಮೀ ಮೊದಲು ಭಯ ತೆಗೆ, ಆಮೇಲೆ ಇಳಿಯುತ್ತೇನೆ ಎಂದು ಪ್ರಾರ್ಥಿಸುತ್ತಿದ್ದೆ. ಅಪ್ಪನಿಗೂ ಭಯವಿತ್ತು ಎಂದು ನೀನು ಬರೆದ ಮೇಲೆ ಪ್ರಾರ್ಥನೆ ಬದಲಾಯಿಸಿದೆ. ಭಯ ಇದ್ದರೆ ಇರಲಿ, ನೀನು ಪಕ್ಕದಲ್ಲಿ ನಿಲ್ಲು ಎಂದು ಕೇಳುತ್ತೇನೆ. ಇದನ್ನು ಕೇಳಿದ ಮೇಲೆ ನಿದ್ದೆ ಬರುತ್ತದೆ. ಮೊದಲಿನದ್ದನ್ನು ಕೇಳಿದಾಗ ಬರುತ್ತಿರಲಿಲ್ಲ.

ಹಿರಿಯರಿಗೆ ಹೆಸರು ಕೊಟ್ಟೆ. ಅವರು ಹಿಂದಿನ ಸಲದ ಮಾತೇ ಎತ್ತಲಿಲ್ಲ. "ಈ ಸಲ ಕೈ ಗಟ್ಟಿ ಹಿಡ್ಕೋ ಮಗಾ, ನಂಗೂ ವಯಸ್ಸಾಗೈತೆ, ಜಾರಿದ್ರೆ ನೀನೇ ನನ್ನ ಎತ್ಬೇಕು" ಎಂದರು.

ನೀನು ನೀರಿಗೆ ಇಳಿಯುವುದು ಬೇಡ. ದುಪ್ಪಟಿ ಹಿಡಿಯಲು ಹಿರಿಯರ ಹೆಂಡತಿ ಇದ್ದಾರೆ. ನೀನು ಖಾಲಾನ ಜೊತೆ ಮೆಟ್ಟಿಲ ಮೇಲೆ ನಿಂತಿರು. ತಿರುಗಿ ನೋಡಿದಾಗ ನೀನು ಕಂಡರೆ ಸಾಕು. ಬಸ್ಸಿನಿಂದ ಇಳಿದ ಮೇಲೆ ಮತ್ತೆ ಹತ್ತಬೇಡ. ನಾನು ನಿಲ್ದಾಣದಲ್ಲೇ ನಿಂತಿರುತ್ತೇನೆ, ಹಿಡಿದುಕೊಳ್ಳುತ್ತೇನೆ.

ನಿನ್ನ ಕೃಪಾ


ದಾವಣಗೆರೆ
20-4-1982

ನನ್ನ ಮಗಳಾದ ಕೃಪಾವತಿಗೆ,

ಹರಿಹರದಲ್ಲಿ ಎರಡು ದಿನ ನಿನ್ನ ಜೊತೆಯೇ ಇದ್ದು ಬಂದೆ. ಆದರೂ ಹೇಳಬೇಕಾದದ್ದು ಉಳಿದುಹೋಯಿತು. ನೀನು ಮುಳುಗಿದ್ದಾಗ ಕಣ್ಣು ಮುಚ್ಚಿದ್ದೆ. ಹೌದು, ಮುಚ್ಚಿದ್ದೆ, ನಾನು ನೋಡಿದೆ. ಆದ್ದರಿಂದ ಆಗ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅದನ್ನು ಬರೆಯುತ್ತೇನೆ.

ನೀನು ಇಳಿದೆ. ಮೊಣಕಾಲಿನ ನೀರಲ್ಲಿ ನಿಂತುಬಿಟ್ಟೆ. ಹಾಡುವವರ ದನಿ ಸಣ್ಣಗಾಯಿತು. ಹೋದ ಸಲದ್ದು ಎಲ್ಲರಿಗೂ ನೆನಪಿತ್ತು. ನೀನು ತಿರುಗಿ ನನ್ನ ಕಡೆ ನೋಡಿದೆ. ಅವ್ವ ನಗುತ್ತಾ ನಿಂತಿದ್ದಳು, ಅದನ್ನು ನೋಡಿ ಧೈರ್ಯ ಬಂತು ಎಂದು ಊಟಕ್ಕೆ ಕೂತಾಗ ಎಲ್ಲರಿಗೂ ಹೇಳುತ್ತಿದ್ದೆಯಲ್ಲ, ಅದು ನಗು ಅಲ್ಲ ಮಗಳೇ. ಹಲ್ಲು ಕಚ್ಚಿಕೊಂಡಿದ್ದೆ. ಬಾಯಿ ತೆರೆದರೆ "ಬಂದುಬಿಡು" ಎಂದು ಕೂಗುತ್ತೇನೆಂದು ಹೆದರಿ ಕಚ್ಚಿಕೊಂಡಿದ್ದೆ. ಕರ್ತನು ನನ್ನ ಹಲ್ಲನ್ನೂ ಉಪಯೋಗಿಸಿಕೊಂಡ, ನೋಡು.

ನೀನು ಮುಂದೆ ಹೋದೆ. ಉಚ್ಚೆಂಗಪ್ಪನವರು ನಿನ್ನ ತಲೆಯ ಹಿಂದೆ ಕೈ ಕೊಟ್ಟರು. ಪಕ್ಕದಲ್ಲಿ ಅವರ ಹೆಂಡತಿ ದುಪ್ಪಟಿ ಹಿಡಿದು ನಿಂತಿದ್ದರು. ನೀರು ನಿನ್ನ ಮೇಲೆ ಮುಚ್ಚಿಕೊಂಡಿತು. ನೀನಿದ್ದ ಜಾಗದಲ್ಲಿ ಬರೀ ನೀರು.

ನಾನು ಮೆಟ್ಟಿಲು ಇಳಿದದ್ದು ನನಗೆ ನೆನಪಿಲ್ಲ. ಬೀಬಿಜಾನಮ್ಮ ಹಿಂದಿನಿಂದ, "ಹೋಗ್ರಿ ಅವ್ವಾರೇ, ಚಪ್ಲಿ ನಾನ್ ಹಿಡ್ಕಂಡಿರ್ತೀನಿ!" ಎಂದು ಕೂಗಿದ್ದು ಮಾತ್ರ ಕೇಳಿಸಿತು. ಚಪ್ಪಲಿ ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಕಾಲಡಿ ಮರಳು ಸರಿಯಿತು, ನೀನು ಬರೆದಿದ್ದೆಯಲ್ಲ, ಹಾಗೆಯೇ. ನಾನು ಆ ಹೊಳೆಗೆ ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ಆಗಲೇ ಹೇಳಿರಬೇಕು. ಹಿರಿಯರ ಹೆಂಡತಿಯ ಕೈಯಿಂದ ದುಪ್ಪಟಿ ಕಿತ್ತುಕೊಂಡೆ. ಪಾಪ, ಅವರು ಬೀಳುವುದೊಂದು ಬಾಕಿ. ಅಷ್ಟರಲ್ಲಿ ನೀನು ಎದ್ದೆ. ಒಂದು ಉಸಿರಿನ ಹೊತ್ತು ಅಷ್ಟೇ ಅಂತೆ. ನನಗೆ ಮಾತ್ರ ಅದು ಹದಿನೈದು ವರ್ಷ.

ತಲೆ ಮುಖ ಎಲ್ಲ ಸೇರಿಸಿ ಸುತ್ತಿಬಿಟ್ಟೆ. "ಮುಖ ಬಿಡ್ರಿ, ಹುಡುಗಿ ಉಸಿರಾಡ್ಲಿ" ಎಂದು ಉಚ್ಚೆಂಗಪ್ಪನವರು ಗದರಿದರು. ನೀನು ಒಳಗಿನಿಂದ, "ಸಾಕು ಬಿಡ್ರಿ ಅಮ್ಮಾರೇ" ಎಂದೆ. ಹಿರಿಯರ ಹೆಂಡತಿ ಎಂದುಕೊಂಡಿದ್ದೆ, ಅಲ್ಲವೇ? ಆಮೇಲೆ ದುಪ್ಪಟಿ ಸರಿಸಿ ನನ್ನ ಮುಖ ನೋಡಿದೆ, ಆಮೇಲೆ ನಾನು ನಿಂತ ನೀರನ್ನು ನೋಡಿದೆ. ಆಗ ನಿನ್ನ ಮುಖ ಹೇಗಾಯಿತೆಂದು ನಿನಗೆ ಕಾಣಲಿಲ್ಲ. ನನಗೆ ಕಂಡಿತು. ನಾನು ಸಾಯುವವರೆಗೂ ಅದು ಸಾಕು.

ಆರಾಧನೆಯಲ್ಲಿ ರೊಟ್ಟಿಯ ತಟ್ಟೆ ಬಂದಾಗ ನೀನು ತೆಗೆದುಕೊಂಡು, ಆಮೇಲೆ ನನಗೆ ಕೊಟ್ಟೆ. ಇಬ್ಬರೂ ಒಂದೇ ತಟ್ಟೆಯಿಂದ ತಿಂದೆವು.

ನನ್ನ ಭಯ ಪೂರ್ತಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ಅಂಥ ಸುಳ್ಳು ಇನ್ನು ಬೇಡ. ನಿನ್ನೆಯೂ ಕನಸಿನಲ್ಲಿ ನೀರು ಬಂತು. ಆದರೆ ಈ ಸಲ ನಾನು ದಡದಲ್ಲಿ ಇರಲಿಲ್ಲ, ನೀರಿನಲ್ಲೇ ನಿಂತಿದ್ದೆ, ಕೈಯಲ್ಲಿ ದುಪ್ಪಟಿ ಇತ್ತು.

ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಮಂಡಕ್ಕಿ ಮತ್ತೆ ಹಂಚಿದೆ. "ಹೋದ ಸಲಾನೂ ಇದಕ್ಕೇ ತಿಂದ್ವಲ್ಲ?" ಎಂದು ಕೆಲವರು ಕೇಳಿದರು. ತಿನ್ನಿರಿ ಸುಮ್ಮನೆ ಎಂದೆ.

ಮೊನ್ನೆ ಭಾನುವಾರ ಸಭೆಗೆ ಹೊಳೆಯಲ್ಲಿ ನೆನೆದು ಒಣಗಿದ ಅದೇ ಸೀರೆ ಉಟ್ಟು ಹೋದೆ, ಅಂಚಿನಲ್ಲಿ ಇನ್ನೂ ಮರಳಿತ್ತು. ಆರಾಧನೆಗೆ ಮುಂಚೆ ಮುರುಗೇಶಪ್ಪ ಅಯ್ಯನವರ ಕೈಗೆ ಸ್ತೋತ್ರ ಕಾಣಿಕೆ ಕೊಟ್ಟೆ. ಅವರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಮಗಳ ದೀಕ್ಷಾಸ್ನಾನದ ಸ್ತೋತ್ರ ಆಗ್ಲೇ ಕೊಟ್ಟೀರಲ್ಲ ಸುವಾರ್ತಮ್ಮ, ಮುಂಗಡಾನೇ?"

"ಅದು ಮಗಳಿಗೆ ಅಯ್ಯಾ," ಎಂದೆ. "ಇದು ನಂಗೆ."

ಅವರು ಹಾಗೆಯೇ ಓದಿದರು. ಸುವಾರ್ತಮ್ಮನವರು ಹೊಳೆಗೆ ಇಳಿದದ್ದಕ್ಕೆ ಎಂದು ಓದಿದರು. ಯಾರೂ ಹೇಳದೆ ಇಡೀ ಸಭೆ ಎದ್ದು ನಿಂತಿತು, ಕೃಪಾ.

ನಿನ್ನ ಅವ್ವ,
ಸುವಾರ್ತಮ್ಮ